ಗರಗಸ ಯಂತ್ರದ ಕೆಲಸ: ಸಹಾಯಕನ ಜಾಗದಿಂದ ಸೆಟ್ಟಿಂಗ್‌ನ ಹೊಣೆಯವರೆಗೆ

ಪೀಠೋಪಕರಣ ತಯಾರಿಸುವ ನಮ್ಮ ಸಣ್ಣ ಘಟಕಗಳಲ್ಲಿ ಗರಗಸ ಯಂತ್ರದ ಆಪರೇಟರ್ ಆಗುವ ದಾರಿ ಬಹುಪಾಲು ಒಂದೇ. ಪ್ಲೈವುಡ್ ಶೀಟಿನ ಇನ್ನೊಂದು ತುದಿ ಹಿಡಿಯಲು ಸೇರಿದ ಹುಡುಗ, ಆಪರೇಟರ್ ರಜೆ ಹಾಕಿದ ದಿನ ಯಂತ್ರದ ಮುಂದೆ ನಿಲ್ಲುತ್ತಾನೆ. ಅಂದಿನ ಕೆಲಸ ಹೇಗೋ ಮುಗಿದರೆ ಅವನನ್ನೂ ಆಪರೇಟರ್ ಎಂದೇ ಎಣಿಸಲಾಗುತ್ತದೆ. ಈ ಪದ್ಧತಿ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಲಿಯುವವರು ಎಷ್ಟು ತಿಂಗಳು ನಿಂತರು ಎಂಬುದನ್ನಲ್ಲ, ಅವರು ಕೊಯ್ದ ತುಂಡು ಏನು ಹೇಳುತ್ತದೆ ಎಂಬುದನ್ನು ನೋಡಿ ಮುಂದಿನ ಕೆಲಸ ಕೊಡಬೇಕು. ಸ್ಲೈಡಿಂಗ್ ಟೇಬಲ್ (ತುಂಡನ್ನು ಹೊತ್ತು ಬ್ಲೇಡಿನ ಪಕ್ಕದಲ್ಲಿ ಜಾರುವ ಮೇಜು) ಇರುವ ಪ್ಯಾನೆಲ್ ಸಾ ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಹಂತದಲ್ಲಿ ಕಲಿಯುವವರು ಗುಂಡಿ ಒತ್ತುವುದಿಲ್ಲ. ಹಿಂಬದಿಯಲ್ಲಿ ನಿಂತು ಕೊಯ್ದ ತುಂಡನ್ನು ಆಧರಿಸುವುದಷ್ಟೇ ಅವರ ಕೆಲಸ, ಎಳೆಯುವುದಲ್ಲ. ಸಹಾಯಕ ಎಳೆದರೆ ತುಂಡು ಫೆನ್ಸ್‌ನಿಂದ (ತುಂಡನ್ನು ತಾಗಿಸಿ ನೇರವಾಗಿ ನಡೆಸುವ ಆಸರೆಪಟ್ಟಿ) ಸ್ವಲ್ಪ ಸರಿದು ಬ್ಲೇಡಿಗೆ ಅಡ್ಡವಾಗಿ ಒತ್ತುತ್ತದೆ, ಎದುರಿಗೆ ನಿಂತಿರುವ ಆಪರೇಟರ್ ಅದನ್ನು ತಡೆಯಲಾರರು. ಸ್ವಿಚ್ ಆರಿಸಿದ ಮೇಲೂ ಬ್ಲೇಡು ಕೆಲವು ಕ್ಷಣ ತಿರುಗುತ್ತಿರುತ್ತದೆ ಎಂಬುದು, ಟೇಬಲ್ ಮೇಲಿನ ಚೂರುಗಳನ್ನು ಕೈಯಿಂದ ತೆಗೆಯಬಾರದು ಎಂಬುದು, ತಿರುಗುವ ಬ್ಲೇಡಿನ ಬಳಿ ಕೈಗವಸು ತೊಡಬಾರದು ಎಂಬುದು ಈ ದಿನಗಳಲ್ಲಿಯೇ ಅಭ್ಯಾಸವಾಗಬೇಕು. ಜೊತೆಗೆ ಅವರ ಕೈಗೆ ಟೇಪು ಮತ್ತು ಮೂಲೆಮಟ್ಟವನ್ನು ಕೊಟ್ಟು, ಕೊಯ್ದು ಬಂದ ಪ್ರತಿ ಹತ್ತನೆಯ ತುಂಡಿನ ಎರಡೂ ಕರ್ಣಗಳನ್ನು ಅಳೆಸಿ ಬರೆಸಬೇಕು. ತಪ್ಪನ್ನು ಅಳೆಯಲು ಕಲಿಯದವರಿಗೆ ತಾವು ಮಾಡಿದ ತಪ್ಪು ಕಾಣುವುದಿಲ್ಲ.

ಯಂತ್ರದಲ್ಲಿ ಮೊದಲು ಕೊಡಬೇಕಾದುದು ಅಡ್ಡಕೊಯ್ತ, ಅಂದರೆ ತುಂಡನ್ನು ಉದ್ದಕ್ಕಲ್ಲದೆ ಅಡ್ಡಕ್ಕೆ ಕೊಯ್ಯುವುದು. ಇಲ್ಲಿ ತುಂಡು ಟೇಬಲ್‌ನೊಂದಿಗೇ ಚಲಿಸುವುದರಿಂದ ಕೈಗೆ ಅಪಾಯ ಕಡಿಮೆ. ಒಂದೇ ಅಳತೆಯ ಹತ್ತು ತುಂಡುಗಳನ್ನು ಕೊಯ್ದು ಒಂದರ ಪಕ್ಕ ಒಂದು ನಿಲ್ಲಿಸಿದಾಗ ಅವುಗಳ ನಡುವಿನ ವ್ಯತ್ಯಾಸ ಅರ್ಧ ಮಿಲಿಮೀಟರ್ ಮೀರದಿದ್ದರೆ ಈ ಹಂತ ದಾಟಿದಂತೆ. ಮೀರಿದರೆ, ಬಹಳ ಸಲ ಅಳತೆಗೆ ತುಂಡಿನ ತುದಿಯನ್ನು ತಾಗಿಸುವ ಸ್ಟಾಪರ್‌ನ ಬುಡದಲ್ಲಿ ಕೂತ ಮರದ ಹೊಟ್ಟೇ ಕಾರಣವಾಗಿರುತ್ತದೆ. ಅಡ್ಡಕೊಯ್ತದಲ್ಲಿ ತುಂಡಿನ ತುದಿಯನ್ನು ಉದ್ದದ ಫೆನ್ಸ್‌ಗೆ ತಾಗಿಸಿ ಅಳತೆ ಹಿಡಿಯುವ ಅಡ್ಡದಾರಿಗೆ ಮಾತ್ರ ಎಂದೂ ಅವಕಾಶ ಕೊಡಬಾರದು, ಏಕೆಂದರೆ ಕತ್ತರಿಸಿ ಬಿದ್ದ ತುಂಡು ಬ್ಲೇಡಿಗೂ ಫೆನ್ಸ್‌ಗೂ ನಡುವೆ ಸಿಕ್ಕಿ ಹಿಂದಕ್ಕೆ ಚಿಮ್ಮುತ್ತದೆ.

ಗಟ್ಟಿಮರವನ್ನು (ಶೀಟಲ್ಲದ, ಇಡಿಯಾದ ಮರದ ಹಲಗೆಯನ್ನು) ಉದ್ದಕ್ಕೆ ಸೀಳುವುದು ಈ ಕಸುಬಿನ ನಿಜವಾದ ಪಾಠ. ಇದಕ್ಕೆ ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಸಮಯ ಕೊಡಬೇಕು. 300 ಮಿ.ಮೀ. ವ್ಯಾಸದ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗುವಾಗ ಅದರ ಹಲ್ಲಿನ ತುದಿ ಸೆಕೆಂಡಿಗೆ ಸುಮಾರು 63 ಮೀಟರ್, ಅಂದರೆ ಗಂಟೆಗೆ 226 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಕೆಳಕ್ಕೆ ಒತ್ತಿದರೆ, ಹಿಂಭಾಗದ ಹಲ್ಲುಗಳು ಮೇಲಕ್ಕೇಳುತ್ತಿರುತ್ತವೆ. ಕೊಯ್ದ ಸೀಳು ಮುಚ್ಚಿಕೊಂಡು ಆ ಹಿಂಭಾಗದ ಹಲ್ಲುಗಳನ್ನು ಹಿಡಿದರೆ, ಇಡೀ ಹಲಗೆ ಅದೇ ವೇಗದ ಬಲದಿಂದ ನಿಂತವರ ಕಡೆಗೆ ಬರುತ್ತದೆ. ಸೀಳು ಮುಚ್ಚದಂತೆ ತಡೆಯಲು ಇರುವುದೇ ಬ್ಲೇಡಿನ ಹಿಂದೆ ನಿಲ್ಲುವ ರೈವಿಂಗ್ ನೈಫ್ ಎಂಬ ತಗಡು. ಅದರ ದಪ್ಪ ಬ್ಲೇಡಿನ ತಟ್ಟೆಗಿಂತ ಹೆಚ್ಚು, ಹಲ್ಲು ಮಾಡುವ ಸೀಳಿಗಿಂತ ಕಡಿಮೆ ಇರಬೇಕು: ತಟ್ಟೆ 2.2, ಸೀಳು 3.2 ಮಿ.ಮೀ. ಇದ್ದರೆ ನೈಫ್ 2.5ರಿಂದ 2.8ರೊಳಗೆ. ನಾನು ಕೆಲಸ ಕಲಿತ ಒಂದು ಕಡೆ ಇದನ್ನು ಬಿಚ್ಚಿ ಮೂಲೆಯಲ್ಲಿ ಇಟ್ಟಿದ್ದರು. ಹಲಗೆಯೊಂದು ಹಿಂದಕ್ಕೆ ಹಾರಿ ನನ್ನ ಪಕ್ಕದ ಗೋಡೆಗೆ ಬಡಿದ ದಿನದ ನಂತರ, ನೈಫ್ ಇಲ್ಲದ ಯಂತ್ರವನ್ನು ನಾನು ಚಾಲೂ ಮಾಡಿಲ್ಲ.

ಸೀಳು ಏಕೆ ಮುಚ್ಚುತ್ತದೆ ಎಂಬುದಕ್ಕೆ ಉತ್ತರ ಮರದೊಳಗಿದೆ. ನೀಲಗಿರಿಯಂಥ ಮರದಲ್ಲಿ ಬೆಳೆಯುವಾಗಲೇ ಕೂಡಿಕೊಂಡ ಬಿಗಿತವಿರುತ್ತದೆ. ಸೀಳುತ್ತಿದ್ದಂತೆ ಅದು ಬಿಡುಗಡೆಯಾಗಿ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಸರಿಯಾಗಿ ಒಣಗದ ಮರವೂ, ಗಂಟಿನ ಸುತ್ತ ನಾರು ತಿರುಚಿಕೊಂಡ ಮರವೂ ಹೀಗೆಯೇ ವರ್ತಿಸಬಹುದು. ಆದ್ದರಿಂದ ಯಂತ್ರಕ್ಕೆ ಇಡುವ ಮುನ್ನ ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚಿನುದ್ದಕ್ಕೂ ನೋಡುವುದನ್ನು ಕಡ್ಡಾಯ ಮಾಡಬೇಕು. ಅಂಚು ಬಾಗಿದ್ದರೆ ಮೊದಲು ಸ್ಲೈಡಿಂಗ್ ಟೇಬಲ್ ಮೇಲೆ ಒಂದು ಅಂಚನ್ನು ನೇರ ಮಾಡಿ, ಆ ನೇರ ಅಂಚನ್ನು ಫೆನ್ಸ್‌ಗೆ ಕೊಡಬೇಕು. ಗಟ್ಟಿಮರಕ್ಕೆ ಫೆನ್ಸ್‌ನ ತುದಿ ಬ್ಲೇಡಿನ ಮಧ್ಯಭಾಗದ ಆಸುಪಾಸಿನಲ್ಲೇ ನಿಲ್ಲುವಂತೆ ಹಿಂದಕ್ಕೆ ಎಳೆದುಕೊಂಡರೆ, ಕೊಯ್ದ ಭಾಗಕ್ಕೆ ಹರಡಿಕೊಳ್ಳಲು ಜಾಗ ಸಿಗುತ್ತದೆ. ಕೊನೆಯ 300 ಮಿ.ಮೀ. ತಳ್ಳುವುದು ಕೈಯಿಂದಲ್ಲ, ತಳ್ಳುಕೋಲಿನಿಂದ; ಆ ಕೋಲು ಯಂತ್ರದ ಬಳಿಯೇ, ಕೈಗೆಟಕುವಲ್ಲಿ ಇರಬೇಕು.

ಇನ್ನು ತಳ್ಳುವ ವೇಗ. ಹೊಸಬರು ನಿಧಾನವಾಗಿ ತಳ್ಳಿದರೆ ಕೊಯ್ತ ಚೆನ್ನಾಗಿ ಬರುತ್ತದೆಂದು ಭಾವಿಸುತ್ತಾರೆ, ಆದರೆ ಅದು ಬಹಳ ಸಲ ತಪ್ಪು. 24 ಹಲ್ಲಿನ ಬ್ಲೇಡಿಗೆ ನಿಮಿಷಕ್ಕೆ 10 ಮೀಟರ್ ವೇಗದಲ್ಲಿ ಮರ ಕೊಟ್ಟರೆ, 4000 ಸುತ್ತಿನಲ್ಲಿ ಪ್ರತಿ ಹಲ್ಲು ಸುಮಾರು 0.1 ಮಿ.ಮೀ. ತೆಗೆಯುತ್ತದೆ, ಅಲ್ಲಿಗೇ 96 ಹಲ್ಲಿನ ಬ್ಲೇಡು ಹಾಕಿದರೆ ಪ್ರತಿ ಹಲ್ಲಿನ ಪಾಲು 0.026 ಮಿ.ಮೀ.ಗೆ ಇಳಿಯುತ್ತದೆ. ಅಷ್ಟು ತೆಳುವಾದಾಗ ಹಲ್ಲು ಗಟ್ಟಿಮರವನ್ನು ಕೊಯ್ಯುವುದಕ್ಕಿಂತ ಹೆಚ್ಚಾಗಿ ಉಜ್ಜುತ್ತದೆ, ಬಿಸಿಯೇರುತ್ತದೆ, ಮರದ ಅಂಚು ಕಪ್ಪಾಗುತ್ತದೆ. ಸೀಳಲು ಕಡಿಮೆ ಹಲ್ಲು, ಲ್ಯಾಮಿನೇಟ್ ಶೀಟಿಗೆ ಹೆಚ್ಚು ಹಲ್ಲು ಎಂಬುದರ ಕಾರಣ ಇದೇ. ಸುಟ್ಟ ಗುರುತು ಕಂಡರೆ ಬ್ಲೇಡು ಮೊಂಡಾಗಿದೆಯೇ, ತಳ್ಳಿದ್ದು ನಿಧಾನವಾಯಿತೇ, ಫೆನ್ಸ್ ಬ್ಲೇಡಿನ ಕಡೆಗೆ ವಾಲಿದೆಯೇ ಎಂದು ಮೂರನ್ನೂ ವಿಚಾರಿಸುವವರೆಗೆ ಕಲಿಯುವವರು ಬೆಳೆದಿರಬೇಕು. ತೇಗದಲ್ಲಿ ಸಿಲಿಕಾ ಇರುವುದರಿಂದ ಹಲ್ಲು ಬೇಗ ಸವೆಯುತ್ತದೆ. ಅನುಭವಿಗಳು ಅದನ್ನು ಕಣ್ಣಿಗಿಂತ ಮೊದಲು ಕಿವಿಯಿಂದಲೇ, ಮೋಟಾರಿನ ದನಿ ಭಾರವಾಗುವುದರಿಂದಲೇ ತಿಳಿಯುತ್ತಾರೆ.

ಶೀಟು ಕೊಯ್ಯುವುದರಲ್ಲಿ ಲೆಕ್ಕದ ಶಿಸ್ತು ಬೇಕು. 1220 ಮಿ.ಮೀ. ಅಗಲದ ಶೀಟಿನಿಂದ ಸಮನಾದ ನಾಲ್ಕು ಪಟ್ಟಿ ಬೇಕಾದರೆ ಒಂದೊಂದೂ 305 ಬರುವುದಿಲ್ಲ. ಮೂರು ಸೀಳುಗಳಿಗೆ 3.2ರಂತೆ 9.6 ಮಿ.ಮೀ. ಹೋಗಿ 302.6 ಉಳಿಯುತ್ತದೆ, ಅಂಚು ಸವರಿದರೆ ಇನ್ನೂ ಕಡಿಮೆ. ಲ್ಯಾಮಿನೇಟ್‌ನ ಕೆಳಮುಖ ಚಕ್ಕೆ ಏಳದಂತೆ ನೋಡಿಕೊಳ್ಳುವುದು ಮುಖ್ಯ ಬ್ಲೇಡಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ಚಿಕ್ಕ ಸ್ಕೋರಿಂಗ್ ಬ್ಲೇಡು. ಅದರ ಆಳ 1.5ರಿಂದ 2 ಮಿ.ಮೀ. ಸಾಕು, ಅದರ ಗೀರು ಮುಖ್ಯ ಸೀಳಿನ ನೇರಕ್ಕೇ ಇದ್ದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಅಗಲವಿರಬೇಕು.

ಇಷ್ಟನ್ನು ದಾಟಿದವರಿಗೆ ಸೆಟ್ಟಿಂಗ್‌ನ, ಅಂದರೆ ಫೆನ್ಸ್ ಮತ್ತು ಬ್ಲೇಡನ್ನು ಸರಿಯಾಗಿ ಹೊಂದಿಸುವ, ಹೊಣೆ ಕೊಡಬಹುದು. ಇದಕ್ಕೆ ನಾನು ನೆಚ್ಚುವ ಪರೀಕ್ಷೆ ಐದು ಕೊಯ್ತದ್ದು. ಒಂದು ಹಲಗೆಯ ಮೊದಲ ಬದಿಯನ್ನು ಕೊಯ್ದು, ಕೊಯ್ದ ಅಂಚನ್ನು ಅಡ್ಡ ಫೆನ್ಸ್‌ಗೆ ತಾಗಿಸಿ ಮುಂದಿನ ಬದಿಯನ್ನು ಕೊಯ್ಯುತ್ತ ನಾಲ್ಕೂ ಬದಿ ಮುಗಿಸಿ, ಐದನೆಯ ಸಲ ಮೊದಲ ಬದಿಯಿಂದಲೇ ಒಂದು ಕಿರಿದಾದ ಪಟ್ಟಿಯನ್ನು ತೆಗೆಯಬೇಕು. ಫೆನ್ಸ್‌ನ ದೋಷ ಆ ಪಟ್ಟಿಯಲ್ಲಿ ನಾಲ್ಕು ಪಟ್ಟಾಗಿ ಕಾಣುತ್ತದೆ: 600 ಮಿ.ಮೀ. ಉದ್ದದ ಪಟ್ಟಿಯ ಎರಡು ತುದಿಗಳ ಅಗಲದಲ್ಲಿ 0.8 ಮಿ.ಮೀ. ವ್ಯತ್ಯಾಸ ಬಂದರೆ, ಆ ಉದ್ದಕ್ಕೆ ನಿಜವಾದ ದೋಷ 0.2 ಮಿ.ಮೀ. ಬ್ಲೇಡು ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು. ಯಂತ್ರಕ್ಕೆ ಬರುವ ವಿದ್ಯುತ್ತನ್ನೇ ಕಡಿಯುವ ಮುಖ್ಯ ಐಸೊಲೇಟರ್‌ಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು.

ಮರದ ಧೂಳನ್ನು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಧೂಳು ಹೀರುವ ಕೊಳವೆ ಕಟ್ಟಿಕೊಂಡಾಗ ಯಂತ್ರ ನಿಲ್ಲಿಸುವ ಅಧಿಕಾರ ಮೊದಲ ಹಂತದ ಸಹಾಯಕರಿಗೂ ಇರಬೇಕು.

ಶೀಟುಗಳನ್ನು ಕೊಯ್ಯುವ ಕಂಪ್ಯೂಟರ್ ನಿಯಂತ್ರಿತ ಯಂತ್ರವಾದ ಬೀಮ್ ಸಾ ಇದರ ನಂತರದ್ದು. ಕಟಿಂಗ್ ಪಟ್ಟಿಯನ್ನು ತಂತ್ರಾಂಶವೇ ಜೋಡಿಸಿದರೂ, ಸೀಳಿನ ಅಗಲ, ಅಂಚು ಸವರಿಕೆ, ನಾರಿನ ದಿಕ್ಕು ಇವನ್ನು ತುಂಬುವವರು ಆಪರೇಟರೇ ಆದ್ದರಿಂದ ಹಿಂದಿನ ಹಂತಗಳ ಪಾಠ ಅಲ್ಲಿಯೂ ಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಆಧುನಿಕ ಮರಗೆಲಸದ ತರಬೇತಿ ಕೇಂದ್ರವಿದೆ; ಮಾಲೀಕರು ಈ ಹಂತ ತಲುಪಿದವರನ್ನು ಅಲ್ಲಿಗೆ ಕಳುಹಿಸಲು ಯೋಚಿಸಬೇಕು. ಮರಳಿ ಬಂದವರ ಮೊದಲ ಕೆಲಸ, ಹೊಸ ಸಹಾಯಕರ ಕೈಗೆ ಟೇಪು ಕೊಟ್ಟು ಎರಡು ಕರ್ಣಗಳನ್ನು ಅಳೆಸುವುದಾಗಿರಲಿ.