ಹಿಟ್ಟಿನ ಆರ್‌ಎಫ್ ತಾಪನ: ಸಿಮ್ಯುಲೇಶನ್ ಓಡಿಸುವ ಮುನ್ನ ಒಂದು ಕೈಲೆಕ್ಕ

ಗೋಧಿ ಹಿಟ್ಟಿನೊಳಗಿನ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೊಲ್ಲಲು ಹಬೆ ಹಾಯಿಸಿದರೆ ಹಿಟ್ಟು ಗಂಟುಕಟ್ಟುತ್ತದೆ, ಬಿಸಿಗಾಳಿಯ ಶಾಖ ಒಳಗೆ ಇಳಿಯುವುದೇ ಕಷ್ಟ. ಎರಡು ಲೋಹದ ಫಲಕಗಳ ನಡುವೆ ಟ್ರೇ ಇಟ್ಟು 27.12 ಮೆಗಾಹರ್ಟ್ಜ್ ರೇಡಿಯೊ ಫ್ರೀಕ್ವೆನ್ಸಿಯಲ್ಲಿ (ಆರ್‌ಎಫ್) ಕಾಯಿಸುವುದು ಅದಕ್ಕೇ. ಆದರೆ ಇಲ್ಲಿ ಮೂಲೆಗಳು ಮೊದಲು ಕಾಯುತ್ತವೆ, ನಡುಭಾಗ ಹಿಂದೆ ಬೀಳುತ್ತದೆ. ಎಷ್ಟು ಹಿಂದೆ ಎಂಬುದನ್ನು ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನಲ್ಲಿ ಮಾಡುವ ಅಣಕು ಪ್ರಯೋಗ, ಹೇಳಬಲ್ಲದು. ಅದಕ್ಕೆ ಕೊಟ್ಟ ಅಂಕಿಗಳು ಸರಿಯಿರಬೇಕು, ಅಷ್ಟೆ.

ಈ ಫ್ರೀಕ್ವೆನ್ಸಿಯಲ್ಲಿ ಗಾಳಿಯಲ್ಲಿನ ತರಂಗಾಂತರ ಸುಮಾರು 11 ಮೀಟರ್. ಫಲಕ ಒಂದು ಮೀಟರಿನೊಳಗಿದ್ದರೆ ವಿದ್ಯುತ್-ಕಾಂತ ಕ್ಷೇತ್ರಗಳ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಪೂರ್ತಿಯಾಗಿ ಬಿಡಿಸುವ ಗೋಜು ಬೇಡ. ಕಾಮ್ಸಾಲ್‌ನಂಥ ಸಿಮ್ಯುಲೇಶನ್ ತಂತ್ರಾಂಶದಲ್ಲಿ ಎಲೆಕ್ಟ್ರಿಕ್ ಕರೆಂಟ್ಸ್ ಮತ್ತು ಹೀಟ್ ಟ್ರಾನ್ಸ್‌ಫರ್ ಎಂಬ ಎರಡು ಭಾಗಗಳನ್ನು ಜೋಡಿಸಿದರೆ ಸಾಕು. ಮೇಲಿನ ಫಲಕಕ್ಕೆ ವೋಲ್ಟೇಜ್, ಕೆಳಗಿನದಕ್ಕೆ ಗ್ರೌಂಡ್. ಯಂತ್ರದ ಲೋಹದ ಕವಚ ಹತ್ತಿರವಿದ್ದರೆ ಅದೂ ಗ್ರೌಂಡ್.

ಮೌಸ್ ಮುಟ್ಟುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಫಲಕಗಳ ಅಂತರ 120 ಮಿಮೀ, ಅದರಲ್ಲಿ ಹಿಟ್ಟು 60, ಗಾಳಿ 60 ಎನ್ನೋಣ. ಹಿಟ್ಟಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರದ ಶಕ್ತಿಯನ್ನು ಹಿಡಿದಿಡುವ ಗುಣ) 3, ನಷ್ಟಾಂಕ (ಆ ಶಕ್ತಿಯನ್ನು ಶಾಖವಾಗಿಸುವ ಗುಣ) 0.3, ಸಾಂದ್ರತೆ ಘನ ಮೀಟರಿಗೆ 700 ಕೆಜಿ, ವಿಶಿಷ್ಟೋಷ್ಣ ಕೆಜಿಗೆ ಡಿಗ್ರಿಗೆ 1800 ಜೂಲ್. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ನಿಮ್ಮ ಹಿಟ್ಟಿನದನ್ನು ನೀವೇ ಅಳೆಯಬೇಕು. ಆರ್‌ಎಂಎಸ್ ವೋಲ್ಟೇಜ್ (ಏರಿಳಿಯುವ ವೋಲ್ಟೇಜಿನ ಪರಿಣಾಮಕಾರಿ ಸರಾಸರಿ) 6500 ಇದ್ದರೆ, ಅದನ್ನು ಗಾಳಿಯ ದಪ್ಪ ಗುಣಿಸು ಸ್ಥಿರಾಂಕ ಕೂಡಿಸು ಹಿಟ್ಟಿನ ದಪ್ಪದಿಂದ, ಅಂದರೆ 0.06×3 + 0.06 = 0.24ರಿಂದ, ಭಾಗಿಸಿ. ಹಿಟ್ಟಿನೊಳಗಿನ ಕ್ಷೇತ್ರ ಮೀಟರಿಗೆ ಸುಮಾರು 27,000 ವೋಲ್ಟ್. ಇದರ ವರ್ಗವನ್ನು ನಷ್ಟಾಂಕದಿಂದಲೂ 0.00151ರಿಂದಲೂ ಗುಣಿಸಿದರೆ ಘನ ಮೀಟರಿಗೆ 3.3 ಲಕ್ಷ ವ್ಯಾಟ್. 0.00151 ಎಂದರೆ 2π, ಫ್ರೀಕ್ವೆನ್ಸಿ ಮತ್ತು ನಿರ್ವಾತದ ಪರ್ಮಿಟಿವಿಟಿಯ ಗುಣಲಬ್ಧ. ಸಾಂದ್ರತೆ, ವಿಶಿಷ್ಟೋಷ್ಣಗಳಿಂದ ಭಾಗಿಸಿದಾಗ ಸೆಕೆಂಡಿಗೆ 0.26 ಡಿಗ್ರಿ ಏರಿಕೆ. 25ರಿಂದ 75 ಡಿಗ್ರಿಗೆ ಮೂರು ನಿಮಿಷದ ಮೇಲೆ ಹತ್ತು ಸೆಕೆಂಡು. 300×220×60 ಮಿಮೀ ಟ್ರೇಗೆ ಒಟ್ಟು 1.3 ಕಿಲೋವ್ಯಾಟ್. ನಿಮ್ಮ ಜನರೇಟರ್ ಅಷ್ಟು ಕೊಡಬಲ್ಲದೇ ಎಂಬುದೂ ಇಲ್ಲೇ ತಿಳಿಯಿತು.

ಈಗ ಮಾಡೆಲ್‌ನಲ್ಲಿ ಮೊದಲು ಟ್ರೇ ಬೇಡ. ಫಲಕದಷ್ಟೇ ಅಗಲದ ಹಿಟ್ಟಿನ ಚಪ್ಪಡಿ, ಅದರ ಮೇಲೆ ಗಾಳಿ, ಸುತ್ತ ಇನ್ಸುಲೇಶನ್. ಶುರುವಿನ ಏರಿಕೆ ಕೈಲೆಕ್ಕಕ್ಕೆ ಶೇ. 1ರೊಳಗೆ ಕೂಡಬೇಕು. ಕೂಡದಿದ್ದರೆ ಕಾರಣ ಬಹುಪಾಲು ಈ ಮೂರರಲ್ಲೊಂದು:

ಸರಿಯಾಗಿ ಅರ್ಧ ಶಾಖ ಬಂದರೆ, ಆರ್‌ಎಂಎಸ್ ಅಂಕಿಯನ್ನೇ ತುಂಬಿದ್ದೀರಿ. ಕಾಮ್ಸಾಲ್ ಫ್ರೀಕ್ವೆನ್ಸಿ ಡೊಮೈನಿನಲ್ಲಿ (ಒಂದು ಗೊತ್ತಾದ ಫ್ರೀಕ್ವೆನ್ಸಿಗೆ ಮಾಡುವ ಲೆಕ್ಕದಲ್ಲಿ) ಕೇಳುವುದು ಪೀಕ್, ಅಂದರೆ ಗರಿಷ್ಠ, ವೋಲ್ಟೇಜ್; ಅದು ಆರ್‌ಎಂಎಸ್‌ನ √2 ಪಟ್ಟು. 6500ರ ಜಾಗದಲ್ಲಿ 9192 ಕೊಡಿ.

ಎರಡರಷ್ಟು ಬಂದರೆ, ನಷ್ಟವನ್ನು ಎರಡು ಸಲ ಎಣಿಸಿದ್ದೀರಿ. ಉಪಕರಣ ಅಳೆದುಕೊಡುವ ನಷ್ಟಾಂಕದಲ್ಲಿ ವಾಹಕತೆಯ ಪಾಲು ಆಗಲೇ ಸೇರಿರುತ್ತದೆ. ಅದನ್ನು ಮಿಶ್ರ ಪರ್ಮಿಟಿವಿಟಿಯಾಗಿ (ಸ್ಥಿರಾಂಕ, ನಷ್ಟಾಂಕ ಎರಡನ್ನೂ ಹೊತ್ತ ಒಂದೇ ಮಿಶ್ರ ಸಂಖ್ಯೆ) ಕೊಡಿ, ಇಲ್ಲವೇ ವಾಹಕತೆಗೆ ಬದಲಿಸಿ ಮೀಟರಿಗೆ 0.00045 ಸೀಮೆನ್ಸ್ ಎಂದು ಕೊಡಿ. ಎರಡನ್ನೂ ಕೊಡಬೇಡಿ.

ಹಿಟ್ಟು ತಣ್ಣಗಾಗುತ್ತಿದ್ದರೆ ಮಿಶ್ರ ಸಂಖ್ಯೆಯ ಚಿಹ್ನೆ ತಿರುಗಿದೆ. 3 + 0.3ಜೆ ಅಲ್ಲ, 3 − 0.3ಜೆ.

ಹಿಟ್ಟಿನ ಸ್ಥಿರಾಂಕ, ನಷ್ಟಾಂಕಗಳ ಅಳತೆಯಲ್ಲಿ ಒಂದು ಎಚ್ಚರ. ಹಿಟ್ಟನ್ನು ಅಳೆಯುವಾಗಲೂ ಟ್ರೇಯಲ್ಲಿರುವಷ್ಟೇ ಸಾಂದ್ರತೆಗೆ ಒತ್ತಿರಬೇಕು; ಸಡಿಲ ಹಿಟ್ಟಿನ ನಡುವೆ ಗಾಳಿ ಹೆಚ್ಚು, ಅಂಕಿ ಕಡಿಮೆ. ಒಣ ಪುಡಿಗೆ ಓಪನ್-ಎಂಡೆಡ್ ಕೋಆಕ್ಸಿಯಲ್ ಪ್ರೋಬ್ (ತುದಿಯನ್ನು ವಸ್ತುವಿಗೆ ಒತ್ತಿ ಅಳೆಯುವ ಸಾಧನ) ನಂಬಿಕಸ್ತವಲ್ಲ, ಇಂಪೀಡೆನ್ಸ್ ಅನಲೈಸರ್ ಜತೆ ಸಮಾಂತರ ಫಲಕದ ಕೋಶ ಮೇಲು. 20ರಿಂದ 80 ಡಿಗ್ರಿವರೆಗೆ ಹತ್ತು ಡಿಗ್ರಿಗೊಂದರಂತೆ ಅಳೆದು ಕೋಷ್ಟಕವಾಗಿ ತುಂಬಿ. ಒಣ ಹಿಟ್ಟಿನಲ್ಲಿ ಬಿಸಿ ಏರಿದಂತೆ ನಷ್ಟಾಂಕವೂ ಏರುತ್ತದೆ, ಹಾಗಾಗಿ ಬಿಸಿಯಾದ ಮೂಲೆ ಇನ್ನಷ್ಟು ಬೇಗ ಬಿಸಿಯಾಗುತ್ತದೆ. ಸ್ಥಿರ ಅಂಕಿ ಕೊಟ್ಟರೆ ಈ ಓಟ ಮಾಡೆಲ್‌ಗೆ ಕಾಣುವುದೇ ಇಲ್ಲ.

ಆಮೇಲೆ ನಿಜವಾದ ಟ್ರೇ. ಪಾಲಿಪ್ರೊಪಿಲೀನ್ ಆದರೆ ಸ್ಥಿರಾಂಕ ಸುಮಾರು 2.2, ನಷ್ಟ ಲೆಕ್ಕಕ್ಕಿಲ್ಲದಷ್ಟು. ಹಿಟ್ಟಿನ ಉಷ್ಣ ವಾಹಕತೆ ಮೀಟರಿಗೆ ಡಿಗ್ರಿಗೆ 0.1 ವ್ಯಾಟ್‌ನ ಆಸುಪಾಸು, ಮೂರು ನಿಮಿಷದಲ್ಲಿ ಶಾಖ ಹರಡುವುದು ನಾಲ್ಕು ಮಿಮೀ ಮಾತ್ರ. ಮೂಲೆಯ ಬಿಸಿ ನಡುಭಾಗಕ್ಕೆ ತಾನಾಗಿ ಹಂಚಿಹೋದೀತೆಂದು ಕಾಯುವುದು ವ್ಯರ್ಥ. ಅಂಚಿನಲ್ಲಿ ಮೆಶ್ (ಲೆಕ್ಕಕ್ಕಾಗಿ ಮಾಡೆಲ್ಲನ್ನು ಒಡೆದ ಸಣ್ಣ ತುಂಡುಗಳ ಜಾಲ) ಕೂಡ 2 ಮಿಮೀಗೆ ಇಳಿಯಬೇಕು, ನಡುವೆ 8 ಮಿಮೀ ಇದ್ದರೂ ನಡೆದೀತು. ಮೆಶ್ಶನ್ನು ಇನ್ನೂ ಸಣ್ಣದು ಮಾಡಿದಾಗ ಸರಾಸರಿ ತಾಪ ಅಲುಗದಿದ್ದರೆ ಸಾಲದು, ಗರಿಷ್ಠ ತಾಪವೂ ಅಲುಗಬಾರದು.

ಮೂಲೆ ತಣಿಸಲು ಟ್ರೇಯ ಮೂಲೆಗಳನ್ನು ದುಂಡಗೆ ಮಾಡಿ ನೋಡಿ, ಟ್ರೇಯನ್ನು ಎರಡೂ ಫಲಕಗಳ ನಡುಮಟ್ಟಕ್ಕೆ ಎತ್ತಿ ನೋಡಿ, ಸುತ್ತ ಹಿಟ್ಟಿನಷ್ಟೇ ಸ್ಥಿರಾಂಕದ ಪಾಲಿಈಥರಿಮೈಡ್ ಪ್ಲಾಸ್ಟಿಕ್ ಹಾಳೆ ಕಟ್ಟಿ ನೋಡಿ. ಮೊದಲನೆಯದು ಅಗ್ಗ, ಮೂರನೆಯದು ಸಾಮಾನ್ಯವಾಗಿ ಹೆಚ್ಚು ಫಲ ಕೊಡುತ್ತದೆ.

ಫಲಕದ ವೋಲ್ಟೇಜನ್ನು ನೇರವಾಗಿ ಅಳೆಯುವುದು ಕಷ್ಟ, ಪ್ರಯೋಗದಿಂದಲೇ ಹಿಡಿಯಬೇಕು. ಏರಿಕೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ: ಮಾಡೆಲ್ 30 ಡಿಗ್ರಿ ಏರಿಸಿ ಯಂತ್ರ 40 ಏರಿಸಿದರೆ ವೋಲ್ಟೇಜನ್ನು 1.155ರಿಂದ ಗುಣಿಸಿ ಮತ್ತೆ ಓಡಿಸಿ. ನಷ್ಟಾಂಕ ತಾಪದೊಂದಿಗೆ ಬದಲಾಗುವುದರಿಂದ ಎರಡು-ಮೂರು ಸುತ್ತು ಬೇಕಾಗುತ್ತದೆ. ತಾಪ ಅಳೆಯಲು ಫೈಬರ್ ಆಪ್ಟಿಕ್ ಸೆನ್ಸರ್. ಲೋಹದ ಥರ್ಮೋಕಪಲ್ ಕ್ಷೇತ್ರವನ್ನೇ ಕೆಡಿಸುತ್ತದೆ, ಕಿಡಿಯೂ ಹಾರಬಹುದು. ವೋಲ್ಟೇಜ್ ಹೊಂದಿಸಲು ಬಳಸಿದ ಓಟವನ್ನೇ ತೋರಿಸಿ ಮಾಡೆಲ್ ಸರಿಯಿದೆ ಎನ್ನಬೇಡಿ. ಹೊಸ ಟ್ರೇ ತುಂಬಿ ಕಾಯಿಸಿ, ಅರ್ಧ ನಿಮಿಷದೊಳಗೆ ಪದರ ಬಿಡಿಸಿ, ಮೇಲು, ನಡು, ತಳ ಮೂರನ್ನೂ ಥರ್ಮಲ್ ಕ್ಯಾಮೆರಾದಲ್ಲಿ ಹಿಡಿದು ಹೋಲಿಸಿ.