ಗೋಡೆಯ ಮುಜಂಟಿಯನ್ನು ಪೆಟ್ಟಿಗೆಗೆ ಇಳಿಸಿದ್ದು

ಪುತ್ತೂರು ಕಡೆಯ ಹಳೇ ಮನೆಗಳಲ್ಲಿ ಮುಜಂಟಿ ಜೇನು ಇಲ್ಲದ ಗೋಡೆ ಕಡಿಮೆ. ಮಣ್ಣಿನ ಗೋಡೆ, ಕಲ್ಲಿನ ಸಂದು, ಕರೆಂಟಿನ ಮೀಟರ್ ಪೆಟ್ಟಿಗೆ, ಸಣ್ಣ ತೂತಿದ್ದರೆ ಸಾಕು. ಶಿರಸಿಯವರು ಇದನ್ನೇ ಮಿಸ್ರಿ ಅನ್ನುತ್ತಾರೆ. ಅಕ್ಕಿಕಾಳಿಗಿಂತ ಚಿಕ್ಕದು, ಚುಚ್ಚಲು ಬರುವುದಿಲ್ಲ. ಹಾಗಂತ ಗೂಡಿಗೆ ಕೈ ಹಾಕಿದರೆ ಸುಮ್ನಿರಲ್ಲ. ಕೂದಲಿಗೂ ಕಿವಿಗೂ ನುಗ್ಗಿ ಕಚ್ಚುತ್ತದೆ, ಮೈಗೆ ಅಂಟು ಮೆತ್ತುತ್ತದೆ.

ಹಿಂದೆ ಜೇನಿಗಾಗಿ ಗೋಡೆ ಒಡೆಯುತ್ತಿದ್ದರು. ಗೋಡೆಯೂ ಹೋಯಿತು, ಜೇನಿನ ಕುಟುಂಬವೂ ಹೋಯಿತು. ನನಗೆ ಎರಡೂ ಬೇಕಿತ್ತು. ಅಟ್ಟದಲ್ಲಿ ತುಡುವೆ ಜೇನಿನ (ಪೆಟ್ಟಿಗೆಯಲ್ಲಿ ಸಾಕುವ, ಚುಚ್ಚುವ ಜೇನು) ಹಳೇ ಪೆಟ್ಟಿಗೆಗಳಿದ್ದವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ, ಜೇನುಮರಿಗಳನ್ನು ಕೊಲ್ಲುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಹೆಚ್ಚಿನವು ಸತ್ತಾಗ ಇವೂ ಖಾಲಿಯಾದವು. ಅದರ ಹಲಗೆ ಬಿಚ್ಚಿ ಚಿಕ್ಕ ಪೆಟ್ಟಿಗೆ ಮಾಡಿದೆ. ಎದುರುಬದುರು ಎರಡು ತೂತು. ಒಂದಕ್ಕೆ ಗೇಣುದ್ದದ ಪೈಪು ಸಿಕ್ಕಿಸಿ ಗೋಡೆಯ ಬಾಯಿಗೆ ಕೂರಿಸಿ, ಸುತ್ತ ಜೇಡಿಮಣ್ಣು ಮೆತ್ತಿದೆ. ಇನ್ನೊಂದು ತೂತು ಹೊರಗಿನ ಬಾಗಿಲು. ಹುಳು ತೋಟಕ್ಕೆ ಹೋಗಬೇಕಾದರೆ ಪೆಟ್ಟಿಗೆಯೊಳಗಿಂದಲೇ ಹೋಗಬೇಕು.

ಗೋಡೆಯ ಬಾಯಲ್ಲಿ ಮೇಣ, ಅಂಟು ಸೇರಿಸಿ ಕಟ್ಟಿದ ಮೂತಿ ಇರುತ್ತದೆ. ಅದನ್ನು ಕಿತ್ತು ಹೊಸ ಬಾಗಿಲಿಗೆ ಅಂಟಿಸಿದೆ. ಸಂಜೆಯವರೆಗೂ ಒಂದು ಹಿಂಡು ಗೋಡೆಯ ಮುಂದೆ ಸುತ್ತುತ್ತಲೇ ಇತ್ತು. ಆಮೇಲೆ ಮೂತಿಯ ವಾಸನೆ ಹಿಡಿದು ಒಂದೊಂದೇ ಒಳಗೆ ಹೋದವು. ಇದನ್ನು ನೋಡಿದ ಪಕ್ಕದ ಮನೆಯ ಅಜ್ಜ, "ಎಂತ ಮಾರಾಯ, ನೊಣ ಸಾಕ್ಲಿಕ್ಕೆ ಶುರು ಮಾಡಿದ್ದೀಯಾ?" ಅಂದರು.

ಶುರುವಿಗೆ ಪೆಟ್ಟಿಗೆ ಅವಕ್ಕೆ ಬರೀ ದಾರಿ. ಇಲ್ಲಿ ಆತುರ ಪಡಬಾರದು. ತಿಂಗಳುಗಳೇ ಹಿಡಿಯುತ್ತವೆ. ಸ್ನೇಹಿತರೊಬ್ಬರ ಮುಜಂಟಿ ಪೆಟ್ಟಿಗೆಯಿಂದ ಮೊಟ್ಟೆ-ಮರಿಯ ಒಂದು ಗೊಂಚಲು ತಂದಿಟ್ಟ ಮೇಲೆ ಕೆಲಸ ಚುರುಕಾಯಿತು. ಗೊಂಚಲಿನ ಅಂಚಿನಲ್ಲಿ ಉಳಿದವಕ್ಕಿಂತ ದಪ್ಪಗಿನ ಒಂದು ಕೋಶ ಇರಲೇಬೇಕು, ರಾಣಿ ಹುಟ್ಟುವುದು ಅದರಲ್ಲೇ. ಗೋಡೆಯೊಳಗಿನ ಹಳೇ ರಾಣಿಯ ಹೊಟ್ಟೆ ಉಬ್ಬಿರುತ್ತದೆ, ಹಾರಲು ಆಗುವುದಿಲ್ಲ. ಅದು ಇತ್ತ ಬರುತ್ತದೆ ಅಂತ ಕಾಯುವುದು ದಂಡ. ಪೆಟ್ಟಿಗೆಯಲ್ಲಿ ಹೊಸ ಮೊಟ್ಟೆಕೋಶ ಕಂಡ ಮೇಲೆಯೇ ಪೈಪು ಬಿಡಿಸಿದೆ. ಗೋಡೆಯ ಸಂಸಾರ ಗೋಡೆಯಲ್ಲೇ ಇದೆ, ಇದು ಬೇರೆ ಮನೆ.

ಮುಚ್ಚಳ ತೆಗೆದರೆ ಬೇರೆ ಜೇನಿನ ಹಾಗೆ ಎರಿ (ಮೇಣದ ಹಲ್ಲೆ) ಕಾಣುವುದಿಲ್ಲ. ಕಡಲೆಕಾಳಿನಷ್ಟು ದೊಡ್ಡ ಕಂದು ಗುಡಾಣಗಳು, ಕೆಲವದರಲ್ಲಿ ಜೇನು, ಕೆಲವದರಲ್ಲಿ ಪರಾಗ. ಎಲ್ಲಕ್ಕೂ ಮರದ ಅಂಟು ಬೇಕು. ಹಸಿ ಪೇಂಟನ್ನೂ ಬಿಡುವುದಿಲ್ಲ ಇವು! ಈ ಅಂಟಿನ ಹುಚ್ಚಿನಿಂದಲೇ ಇವುಗಳ ಪೂರ್ವಜರು ರಾಳದಲ್ಲಿ ಸಿಕ್ಕಿಬಿದ್ದು ನಮಗೆ ಪಳೆಯುಳಿಕೆಯಾಗಿ ಸಿಕ್ಕಿರುವುದು. ಅಮೆರಿಕದ ನ್ಯೂಜೆರ್ಸಿಯ ಅಂಬರ್‌ನಲ್ಲಿ, ಅಂದರೆ ಕಲ್ಲಿನಂತೆ ಗಟ್ಟಿಯಾದ ರಾಳದಲ್ಲಿ, ಸಿಕ್ಕ ಇದೇ ಬಳಗದ ಒಂದು ಹುಳು ಸುಮಾರು 6.5 ಕೋಟಿ ವರ್ಷ ಹಳೆಯದು. ಇನ್ನೂ ಹಿಂದೆ ಹೋದರೆ ಜೇನುಗಳ ಮೂಲ ಕಣಜದ ಹುಳು. ಬೇಟೆ ಬಿಟ್ಟು ಪರಾಗಕ್ಕೆ ಇಳಿದ ಕಣಜ ಅನ್ನಿ.

ಜೇನಿನ ಆಸೆಗೆ ಇದನ್ನು ಸಾಕಬೇಡಿ. ವರ್ಷಕ್ಕೆ ಒಂದು ಕುಪ್ಪಿ ತುಂಬಿದರೆ ಪುಣ್ಯ. ಹುಳಿ ಬೆರೆತ ಸಿಹಿ, ನೀರುನೀರು. ರೇಟು ತುಡುವೆಗಿಂತ ಎಷ್ಟೋ ಜಾಸ್ತಿ, ಆದರೆ ಮಾರಲು ಉಳಿಯಬೇಕಲ್ಲ. ನನಗೆ ಲಾಭ ಕಂಡದ್ದು ತರಕಾರಿ ಸಾಲಿನಲ್ಲಿ. ಇವು ದೂರ ಹೋಗುವುದಿಲ್ಲ, ಕೆಲವು ನೂರು ಮೀಟರ್ ಅಷ್ಟೇ. ಹಾಗಾಗಿ ದುಡಿಮೆಯೆಲ್ಲ ನಮ್ಮ ಜಾಗದಲ್ಲೇ. ಸೌತೆ ಹೂವಿನಲ್ಲಿ ಹೊರಳಾಡಿ ಹಿಂಗಾಲಿಗೆ ಹಳದಿ ಉಂಡೆ ಕಟ್ಟಿಕೊಂಡು ಬರುತ್ತವೆ. ತುಳಸಿ, ನಾಚಿಕೆಮುಳ್ಳು, ತೆಂಗಿನ ಹಿಂಗಾರ, ಯಾವುದನ್ನೂ ಬಿಡುವುದಿಲ್ಲ. ಹೂವಿಗೆ ಔಷಧ ಹೊಡೆಯುವುದನ್ನು ಮಾತ್ರ ನಾನು ಪೂರಾ ನಿಲ್ಲಿಸಬೇಕಾಯಿತು.

ಜೇನು ತೆಗೆಯುವಾಗ ಗುಡಾಣ ಒಡೆದು ಒಳಗೆ ಚೆಲ್ಲಿದರೆ ಸಣ್ಣ ನೊಣ ಮೊಟ್ಟೆ ಇಡುತ್ತದೆ, ಅದರ ಹುಳು ಗೂಡನ್ನೇ ಕೊಳೆಸುತ್ತದೆ. ಒರೆಸಿ, ಸಂದುಗಳಿಗೆ ಟೇಪು ಹಚ್ಚಿಯೇ ಮುಚ್ಚಬೇಕು. ಇರುವೆ ಬಾರದಂತೆ ಸ್ಟ್ಯಾಂಡಿನ ಕಾಲನ್ನು ನೀರಿನ ಬಟ್ಟಲಲ್ಲಿಡಿ. ಅಜ್ಜ ಈಗ ತಮಗೂ ಒಂದು ಪೆಟ್ಟಿಗೆ ಬೇಕು ಅನ್ನುತ್ತಿದ್ದಾರೆ. ಮಳೆಗಾಲದಲ್ಲಿ ಗೂಡು ಪಾಲು ಮಾಡುವುದು ಬೇಡ ಅಜ್ಜ, ಹೂ ಬಿಡುವ ಹೊತ್ತಿಗೆ ಕೊಡುತ್ತೇನೆ ಅಂದಿದ್ದೇನೆ.