ಹಂದಿ ಶೆಡ್ ಕಟ್ಟುವಾಗ ನೆಲದ ಮೇಲೆ ನಿಗಾ ಇರಲಿ

ಸಿಂಧನೂರು, ಗಂಗಾವತಿ ಕಡೆ ರೈಸ್‌ಮಿಲ್‌ಗಳಿವೆ, ಹಂದಿಗೆ ಹಾಕುವ ತೌಡಿಗೆ ಬರವಿಲ್ಲ. ಸಾಕುವವರು ಒಳ್ಳೆ ಮರಿಗಳನ್ನೂ ತರುತ್ತಾರೆ. ಎಡವುವುದು ಶೆಡ್ ಕಟ್ಟುವಾಗ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಬರುವುದಿಲ್ಲ. ಸೆಕೆ ಜಾಸ್ತಿಯಾದರೆ ತಿನ್ನುವುದು ಕಡಿಮೆ ಮಾಡುತ್ತದೆ, ತೂಕ ಏರುವುದಿಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಆಹಾರದ್ದೇ ಅಲ್ವಾ? ಮಾರಾಟ ಒಂದು ತಿಂಗಳು ತಡವಾದರೆ ಲಾಭವೆಲ್ಲ ಗೋದಲಿಗೇ ಹೋಗುತ್ತದೆ.

ಮೊದಲು ಜಾಗ: ನೀರು ನಿಲ್ಲದ ಎತ್ತರ, ಶೆಡ್ಡಿನ ಉದ್ದ ಪೂರ್ವ-ಪಶ್ಚಿಮಕ್ಕೆ. ಇಷ್ಟು ಸಾಕು.

ಆಮೇಲೆ ನೆಲ. ಇಲ್ಲಿ ಅವಸರ ಬೇಡ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದನ್ನು ತೆಗೆದು ಗರಸು ತುಂಬಿ, ನೀರು ಹಾಕಿ ದಮ್ಮಸ್ ಮಾಡಿದ ಮೇಲೆಯೇ ಕಾಂಕ್ರೀಟ್. ಚರಂಡಿ ಕಡೆಗೆ 10 ಅಡಿಗೆ 3 ಇಂಚು ವಾಟ (ಇಳಿಜಾರು) ಇರಲಿ. ಗೌಂಡಿ ಕಣ್ಣಂದಾಜಿನಲ್ಲಿ ಮಾಡುತ್ತೇನೆಂದರೆ ಒಪ್ಪಬೇಡಿ, ನೀರು ತುಂಬಿದ ಲೆವೆಲ್ ಪೈಪ್ ಹಿಡಿಸಿ ಅಳೆಸಿ. ಮನೆಯ ನೆಲದಂತೆ ನುಣ್ಣಗೆ ತಿಕ್ಕಲೂ ಬಿಡಬೇಡಿ. ಹಸಿ ಇರುವಾಗಲೇ ಕಸಬರಿಗೆ ಎಳೆದು ಗೆರೆ ಮೂಡಿಸಿ. ನಾನು ಕಂಡ ಒಂದು ಶೆಡ್ಡಿನಲ್ಲಿ ಗಬ್ಬದ ಹಂದಿ ಜಾರಿ ಬಿದ್ದು ಮತ್ತೆ ಏಳಲೇ ಇಲ್ಲ. ಹಾಗಂತ ಚೂಪು ಕಡಿ ಮೇಲೆದ್ದಿರಬಾರದು, ಗೊರಸು ಸೀಳುತ್ತದೆ.

ಕಾಂಕ್ರೀಟಿಗೆ ಹತ್ತು ದಿನ ನೀರುಣಿಸಿ. ಮೂರೇ ದಿನಕ್ಕೆ ಹಂದಿ ಬಿಟ್ಟವರ ನೆಲ ವರ್ಷದೊಳಗೆ ಗುಂಡಿ ಬಿದ್ದಿದ್ದನ್ನು ನೋಡಿದ್ದೇನೆ. ಒಣಗಿದ ಮೇಲೆ ಎತ್ತರದ ಕಡೆಯಿಂದ ಒಂದು ಕೊಡ ನೀರು ಸುರಿಯಿರಿ. ಎಲ್ಲಾದರೂ ಅಂಗೈಯಗಲ ನೀರು ನಿಂತರೆ ಆಗಲೇ ಸರಿಪಡಿಸಿ.

ಹಂದಿ ಬಾಯಲ್ಲಿ ಒತ್ತಿ ನೀರು ಕುಡಿಯುವ ನಿಪ್ಪಲ್ ತಗ್ಗಿನ ಕಡೆ, ಚರಂಡಿಯ ಪಕ್ಕ ಇರಲಿ. ಒದ್ದೆ ಇದ್ದಲ್ಲೇ ಹಂದಿ ಸಗಣಿ ಹಾಕುತ್ತದೆ, ಮಲಗುವ ಜಾಗ ಒಣಗಿರುತ್ತದೆ. ಮಾರಾಟಕ್ಕೆ ಬೆಳೆಸುವ ದೊಡ್ಡ ಹಂದಿಗೆ ತಲಾ 10 ಚದರಡಿಯಾದರೂ ಜಾಗ ಕೊಡಿ.

ಬರೀ ತಗಡು ಹೊದಿಸಿ ಬಿಡಬೇಡಿ. ಮೇಲೆ ಅರ್ಧ ಅಡಿ ನೆಲ್ಲುಹುಲ್ಲು ಹರವಿ. ಬಿಸಿಲಿಗೆಂದು ಸುತ್ತಲೂ ಹಸಿರು ನೆಟ್ ಬಿಗಿಯುವವರಿದ್ದಾರೆ. ಅದರಿಂದ ಗಾಳಿಯೇ ಕಟ್ಟುತ್ತದೆ. ಮಧ್ಯಾಹ್ನ ಎರಡು ನಿಮಿಷ ನೀರು ಚಿಮುಕಿಸಿ ನಿಲ್ಲಿಸಿ, ಮೈ ಆರಿದ ಮೇಲೆ ಮತ್ತೆ ಚಿಮುಕಿಸಿ. ನೀರು ಆರುವಾಗಲೇ ತಂಪು.

ಮರಿ ಹಾಕುವ ಕೋಣೆಯಲ್ಲಿ ನೆಲದಿಂದ, ಗೋಡೆಯಿಂದ 8-10 ಇಂಚು ಬಿಟ್ಟು ಪೈಪ್ ಹಾಕಿಸಿ. ತಾಯಿ ಮಲಗುವಾಗ ಮರಿಗಳು ಅದರಡಿ ನುಸುಳಿ ಉಳಿಯುತ್ತವೆ. ಮೊದಲ ವಾರ ಮರಿಗೆ 30-34 ಡಿಗ್ರಿ ಬಿಸಿ ಬೇಕು, ತಾಯಿಗೆ ತಂಪು ಬೇಕು. ಅದಕ್ಕೇ ಮೂಲೆಯಲ್ಲಿ ಮರಿಗಳಿಗಷ್ಟೇ ಹೋಗಲು ಬರುವ ಪೆಟ್ಟಿಗೆ, ಒಳಗೆ ಬಲ್ಬು. ಮರಿಗಳು ಒಂದರ ಮೇಲೊಂದು ಬಿದ್ದಿದ್ದರೆ ಬಲ್ಬನ್ನು ಇಳಿಸಿ, ದೂರ ಚದುರಿ ಮಲಗಿದ್ದರೆ ಮೇಲೆತ್ತಿ.